ದೋಣಿ ಹತ್ತಿದವರಷ್ಟೇ ಮೀನುಗಾರರಾ?

ಪ್ರಶ್ನೆ: ಅಮ್ಮ ಉಪ್ಪಳ, ಮಂಜೇಶ್ವರದ ಕಡೆ ಬುಟ್ಟಿ ಹೊತ್ತು ಮೀನು ಮಾರುತ್ತಾರೆ. ಮೀನುಗಾರರ ಸಂಘದಲ್ಲಿ ಸದಸ್ಯತ್ವ ಕೇಳಿದರೆ, ಕಡಲಿಗೆ ಹೋಗುವವರಿಗೆ ಮಾತ್ರ ಅಂತಾರೆ. ಸರಿಯಾ?
– ಓದುಗರು, ಮಂಜೇಶ್ವರ

ಉತ್ತರ: ಸರಿಯಲ್ಲ. ಬಲೆಗೆ ಬಿದ್ದ ಬೂತಾಯಿ ತಾನಾಗಿ ದುಡ್ಡಾಗುವುದಿಲ್ಲ, ಅಲ್ವಾ? ಏಲಂನಲ್ಲಿ ಚೌಕಾಸಿ ಮಾಡಿ ಕೊಂಡು, ಐಸ್ ಹಾಕಿ, ಬಿಸಿಲಲ್ಲಿ ಮನೆ ಮನೆ ಸುತ್ತಿ ಮಾರಿ, ಉಳಿದದ್ದಕ್ಕೆ ಉಪ್ಪು ಹಾಕಿ ಒಣಗಿಸುವವರಲ್ಲಿ ಹೆಂಗಸರೇ ಜಾಸ್ತಿ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವರ ಹೆಸರಿಲ್ಲ!

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಮೀನುಗಾರಿಕೆಗೆ ತಂದ ಮಾರ್ಗಸೂಚಿಯಲ್ಲಿ ಲಿಂಗ ಸಮಾನತೆಗೇ ಒಂದು ಅಧ್ಯಾಯವಿದೆ. ಈ ಕೆಲಸದಲ್ಲಿರುವ 10 ಮಂದಿಯಲ್ಲಿ 4 ಮಂದಿ ಹೆಂಗಸರು ಎನ್ನುವುದೂ ಅದೇ ಸಂಸ್ಥೆಯ ಅಂದಾಜು. ಮಾರುವುದು, ಒಣಗಿಸುವುದು ಎಲ್ಲ ಸೇರಿಯೇ ಮೀನುಗಾರಿಕೆ.

ಇನ್ನು ನಮ್ಮ ಕೇರಳದ ವಿಷಯ. ಮೀನುಗಾರರ ಕಲ್ಯಾಣ ನಿಧಿ ಮಂಡಳಿಯಲ್ಲಿ ಅನುಬಂಧ ಕಾರ್ಮಿಕರು (ಮೀನುಗಾರಿಕೆಗೆ ಸೇರಿದ ಇತರ ಕೆಲಸ ಮಾಡುವವರು) ಅಂತ ಬೇರೆ ನೋಂದಣಿ ಇದೆ. ಅಮ್ಮ ಅದಕ್ಕೆ ಅರ್ಜಿ ಹಾಕಲಿ. ಸ್ವಂತ ಉದ್ಯೋಗದ ಯೋಚನೆ ಇದ್ದರೆ, ಮೀನುಗಾರ ಹೆಂಗಸರಿಗಾಗಿಯೇ ಇರುವ ಸಾಫ್ ಸಂಸ್ಥೆಯ ತೀರಮೈತ್ರಿ ಯೋಜನೆ ವಿಚಾರಿಸಿ. ಅರ್ಜಿ ಮಲಯಾಳದಲ್ಲಿದ್ದರೆ ಸುಮ್ನೆ ವಾಪಸ್ ಬರಬೇಡಿ, ಕನ್ನಡದ ಅರ್ಜಿ ಕೇಳಿ. ಸಂಘದವರಿಗೂ ಬರಹದಲ್ಲೇ ಅರ್ಜಿ ಕೊಡಿ, ಯಾವ ನಿಯಮದ ಪ್ರಕಾರ ಬೇಡ ಅನ್ನುತ್ತೀರಿ ಅಂತ ಬರಹದಲ್ಲೇ ಉತ್ತರ ಕೇಳಿ.