ಟೀಮ್ ಲೀಡರ್ ಆದ ಮೇಲೆ ನನ್ನಲ್ಲಿ ಮೊದಲು ಏನು ಬದಲಾಗಬೇಕು?

ಹಾಸನದಲ್ಲಿ ಹೊಸದಾಗಿ ಟೀಮ್ ಲೀಡರ್ ಆಗಿದ್ದೀನಿ, ಹುಡುಗರು ಮಾತು ಕೇಳಲ್ಲ ಅಂತ ಬರೆದಿದ್ದೀರಿ. ನನ್ನ ಪ್ರಕಾರ ಮೊದಲು ಬದಲಾಗಬೇಕಾದದ್ದು ಬೈಯುವ ಆತುರ.

ನಾನು ಮೂಡಿಗೆರೆ ಕಡೆಯವನು. ಓದು ಮುಗಿಸಿ ಬಂದ ವರ್ಷ ಡಿಸೆಂಬರಿನಲ್ಲಿ, ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಿಗೆ, ಅಪ್ಪ ತೋಟದ ಉಸ್ತುವಾರಿ ನನಗೆ ಬಿಟ್ಟರು. ಸಂಜೆ ತೂಕಕ್ಕೆ ಬಂದ ಚೀಲಗಳಲ್ಲಿ ಕೆಂಪು ಹಣ್ಣಿಗಿಂತ ಹಸಿರು ಕಾಯಿಯೇ ಜಾಸ್ತಿ. ಅದು ಹಣ್ಣು ಸುಲಿಯುವ ಯಂತ್ರವಾದ ಪಲ್ಪರ್‌ನಲ್ಲಿ ಸರಿಯಾಗಿ ಸಿಪ್ಪೆ ಬಿಡಲ್ಲ, ಕಾಫಿಯ ರುಚಿಯೂ ಕೆಡುತ್ತದೆ. ಎಲ್ಲರೆದುರು ರೇಗಾಡಿದೆ. ಮರುದಿನ ಆರು ಜನ ಕೆಲಸಕ್ಕೇ ಬರಲಿಲ್ಲ!

ನಮ್ಮ ಮೇಸ್ತ್ರಿ ಏನೂ ಅನ್ನಲಿಲ್ಲ. ಒಂದು ಚೀಲವನ್ನು ಟಾರ್ಪಾಲಿನ ಮೇಲೆ ಸುರಿದು, ಸುಮ್ನೆ ಕೂತು ಹಸಿರು ಕಾಯಿ ಆರಿಸುತ್ತಾ, "ಕೆಜಿ ಲೆಕ್ಕದಲ್ಲಿ ಕೂಲಿ ಅಂದವರು ನೀವೇ ಅಲ್ವಾ ಸಣ್ಣ ಗೌಡ್ರೇ? ಅವರು ತೂಕ ನೋಡ್ತಾರೆ, ಬಣ್ಣ ನೋಡಲ್ಲ" ಅಂದರು. ತಪ್ಪು ನಾನು ಮಾಡಿದ ನಿಯಮದಲ್ಲೇ ಇತ್ತು. ಆ ಆರು ಜನರ ಮನೆಗೆ ನಾನೇ ಹೋಗಿ ಕರೆದೆ, ನಾಚಿಕೆ ಆಯಿತು, ನಾಲ್ಕು ಜನ ಬಂದರು.

ಅದಕ್ಕೇ ಹೇಳಿದ್ದು, ಹುಡುಗರು ಎಡವಿದಾಗ ಅವರಿಗೆ ನೀವು ಕೊಟ್ಟ ಟಾರ್ಗೆಟ್ ಏನು ಅಂತ ಮೊದಲು ನೋಡಿ. ಬೈಯಲೇಬೇಕಾದರೆ ಪಕ್ಕಕ್ಕೆ ಕರೆದು ಬೈಯಿರಿ, ಹೊಗಳಿಕೆ ಎಲ್ಲರೆದುರು ಇರಲಿ.

ಅನುಭವ ಇಲ್ಲ ಅನ್ನುವ ಹೆದರಿಕೆ ಬೇಡ. ನಿಮ್ಮದೇ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೇನೆ ಬಿಟ್ಟು, ಬೇಸಾಯ ಮಾಡಿ, ಆಮೇಲೆ 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆ ಶುರು ಮಾಡಿದವರು. ನಾಳೆ ಬೆಳಿಗ್ಗೆ ಮೀಟಿಂಗ್ ಬದಲು ಒಬ್ಬ ಹುಡುಗನ ಪಕ್ಕ ಅರ್ಧ ಗಂಟೆ ಕೂತು ಅವನ ಕೆಲಸ ನೋಡಿ.