ಅಕ್ಕ ಕೇಳುವ ಮೊದಲು ನಿಮಗೆ ಏನು ನೆನಪಿತ್ತು?

ಉಡುಪಿ ಕಡೆಯ ಓದುಗರೊಬ್ಬರ ಪತ್ರ. 31 ವರ್ಷ, ಮಂಗಳೂರಿನಲ್ಲಿ ಕೆಲಸ. ಅವರಿಗೆ ಆರು ವರ್ಷವಿದ್ದಾಗ ಚಿಕ್ಕಮ್ಮನ ಮದುವೆಯ ಗೌಜಿಯಲ್ಲಿ ಐದು ಪವನಿನ ಸರ ಕಾಣೆಯಾಗಿತ್ತು. ಈಗ ಕುಟುಂಬದ ಮನೆ ಪಾಲಾಗುವ ಹೊತ್ತಿಗೆ ಆ ಸರದ ಮಾತು ಮತ್ತೆ ಎದ್ದಿದೆ. ಸೋದರಮಾವ ಕಪಾಟಿನಿಂದ ಸರ ತೆಗೆದು ಕಿಸೆಗೆ ಹಾಕಿಕೊಂಡದ್ದು ಇವರಿಗೆ ‘ಕಣ್ಣಿಗೆ ಕಟ್ಟಿದ ಹಾಗೆ’ ಇದೆಯಂತೆ. ಸಂಕ್ರಮಣದಂದು ಎಲ್ಲರೂ ಸೇರುವಾಗ ದೈವದ ಎದುರು ಇದನ್ನು ಪ್ರಮಾಣ ಮಾಡಿ ಹೇಳಬೇಕು ಎಂದು ಅಕ್ಕ ಮತ್ತು ಭಾವನ ಒತ್ತಾಯ. ಸುಮ್ಮನಿದ್ದರೆ ಚಿಕ್ಕಮ್ಮನಿಗೆ ದ್ರೋಹ, ಹೇಳಿದರೆ ಮಾವನ ಮಗಳ ಸ್ನೇಹ ಕಡಿದುಹೋಗುತ್ತದೆ, ನಿದ್ದೆ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದಾರೆ.

ದ್ರೋಹ, ಸ್ನೇಹ ಎರಡೂ ಸದ್ಯ ಬದಿಗಿರಲಿ. ನಾಲ್ಕನೇ ಪುಟದಲ್ಲಿ ಕಂಸದೊಳಗೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ‘ದೀಪಾವಳಿಗೆ ಬಂದ ಅಕ್ಕ ಆಲ್ಬಮ್ ಹಿಡಿದುಕೊಂಡು ಕೇಳುವವರೆಗೆ ಇದು ನೆನಪಾಗಿರಲಿಲ್ಲ.’ ಕಂಸದ ಹೊರಗೆ, ಮೊದಲ ಪುಟದಲ್ಲಿ ಬರಬೇಕಿದ್ದ ಸಾಲು ಅದು. ಅಕ್ಕ ಕೇಳಿದ್ದಾದರೂ ಏನು? ‘ಎಂತ ಮಾರಾಯ್ತಿ, ಮಾವ ಸರ ತೆಗೆದದ್ದು ನಿನಗೆ ನೆನಪಿಲ್ವಾ? ನೀನು ಅಲ್ಲೇ ಇದ್ದಿ.’ ತೆಗೆದವರು ಯಾರು, ನೀವೆಲ್ಲಿದ್ದಿರಿ, ಎರಡಕ್ಕೂ ಉತ್ತರ ಪ್ರಶ್ನೆಯೊಳಗೇ ಇದೆ. ಉತ್ತರ ತುಂಬಿಸಿಕೊಂಡು ಬಂದ ಪ್ರಶ್ನೆಯನ್ನು ಪ್ರಶ್ನೆ ಎನ್ನಬೇಡಿ ಎಂದು ಈ ಅಂಕಣದಲ್ಲಿ ಬರೆದು ಬರೆದು ಸಾಕಾಗಿದೆ.

ಒಂದೇ ಒಂದು ಕ್ರಿಯಾಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ‘ಕಾರುಗಳು ತಾಗಿದಾಗ ವೇಗ ಎಷ್ಟಿತ್ತು’ ಎಂದು 50 ಮಂದಿಗೆ, ‘ಅಪ್ಪಳಿಸಿದಾಗ ಎಷ್ಟಿತ್ತು’ ಎಂದು ಇನ್ನು 50 ಮಂದಿಗೆ ಕೇಳಿದರು. ವಾರ ಕಳೆದು, ಒಡೆದ ಗಾಜು ಕಂಡಿದ್ದೀರಾ ಎಂದಾಗ ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದು ಎಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಅವರು ಯಾರೂ ಸುಳ್ಳುಗಾರರಲ್ಲ.

ಆಲ್ಬಮ್ಮಿನ ಫೋಟೊ ಅಸಲಿ, ಹಾಗಾಗಿ ನೆನಪೂ ಅಸಲಿ ಎಂಬುದು ನಿಮ್ಮ ವಾದ. ಕೆನಡಾದಲ್ಲಿ ಸ್ಟೀಫನ್ ಲಿಂಡ್ಸೆ ಮತ್ತು ಜೊತೆಗಾರರು 2004ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಬಾಲ್ಯದಲ್ಲಿ ನಡೆಯದೇ ಇದ್ದ ತುಂಟಾಟವೊಂದನ್ನು ನಡೆದದ್ದೆಂದು ಹೇಳಿ, ಕೆಲವರ ಕೈಗೆ ಆ ವರ್ಷದ ನಿಜವಾದ ಕ್ಲಾಸ್ ಫೋಟೊ ಕೊಟ್ಟರು. ಫೋಟೊ ಸಿಕ್ಕವರಲ್ಲೇ ಆ ಸುಳ್ಳು ಘಟನೆ ‘ನೆನಪಾದವರು’ ಹೆಚ್ಚು. ಮುಖ, ಅಂಗಿ, ಗೋಡೆ ಎಲ್ಲವನ್ನೂ ಫೋಟೊ ಒದಗಿಸುತ್ತದೆ, ಮನಸ್ಸು ನಡುವೆ ಕತೆ ತುಂಬಿದರೆ ಸಾಕು. ನಿಮ್ಮ ನೆನಪಿನ ಮಾವ ತೊಟ್ಟದ್ದು ನೀಲಿ ಚೌಕುಳಿ ಅಂಗಿ, ನಿಂತದ್ದು ಕಪಾಟಿನ ಎಡಬದಿಗೆ. ಫೋಟೊದಲ್ಲೂ ಅದೇ ಅಂಗಿ, ಅದೇ ಬದಿ ಎಂದು ನೀವೇ ಬರೆದಿದ್ದೀರಿ.

ಅಕ್ಕನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ, ಅವಳೂ ಯಾರಿಂದಲೋ ಕೇಳಿಸಿಕೊಂಡವಳು. ಸಿಟ್ಟಿರುವುದು ಭಾವನ ಮೇಲೆ. ನೀವು ಅನುಮಾನಿಸುತ್ತಲೇ ಹೇಳಿದ ಮಾತಿಗೆ ‘ಶಹಬ್ಬಾಸ್, ನನಗೆ ಮೊದಲೇ ಗೊತ್ತಿತ್ತು’ ಎಂದರಲ್ಲ, ಆವತ್ತಿನಿಂದಲೇ ನಿಮ್ಮ ‘ಇರಬಹುದು’ ಹೋಗಿ ‘ಖಂಡಿತ’ ಬಂತು. ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ 1998ರಲ್ಲಿ ತೋರಿಸಿದ್ದು ಇದನ್ನೇ: ಅಪರಾಧಿ ಎಂದು ತಪ್ಪು ಮನುಷ್ಯನನ್ನು ಗುರುತಿಸಿದ ಸಾಕ್ಷಿಗಳಿಗೂ ‘ಸರಿಯಾಗಿ ಗುರುತಿಸಿದಿರಿ’ ಎಂದರೆ, ಧೈರ್ಯ ಹೆಚ್ಚುವುದಷ್ಟೇ ಅಲ್ಲ, ತಾವು ಚೆನ್ನಾಗಿ ನೋಡಿದ್ದೆವು ಎಂದೂ ಹೇಳತೊಡಗುತ್ತಾರೆ. ಪಾಲಿನಲ್ಲಿ ಲಾಭವಿರುವವರು ಸಾಕ್ಷಿಯ ಬೆನ್ನು ತಟ್ಟಬಾರದು.

ನಿಮ್ಮ ನೆನಪು ಸುಳ್ಳೆಂದು ನಾನು ಹೇಳಲಾರೆ. ಆರು ವರ್ಷದ ಮಗುವಿಗೆ ನಿಜ ಘಟನೆ ನೆನಪಿರಬಹುದು, ಎಷ್ಟೋ ವರ್ಷ ಮರೆತದ್ದು ಮರಳಿ ಹೊಳೆಯಲೂಬಹುದು. ಆದರೆ ಸ್ಪಷ್ಟವಾಗಿದೆ, ಕಣ್ಣೀರು ಬಂತು ಎನ್ನುವುದರಿಂದ ನಿಜ-ಸುಳ್ಳು ಬೇರೆಯಾಗುವುದಿಲ್ಲ, ಹುಸಿ ನೆನಪಿನಲ್ಲೂ ಅವೆರಡೂ ಇರುತ್ತವೆ. ಸಂಮೋಹನ (ಹಿಪ್ನಾಟಿಸಂ) ಮಾಡಿಸಿಕೊಂಡು ನೆನಪು ಕೆದಕುವ ಯೋಚನೆಯಂತೂ ಬೇಡವೇ ಬೇಡ. ಅದರಿಂದ ನಂಬಿಕೆ ಗಟ್ಟಿಯಾಗುತ್ತದೆ, ನಿಖರತೆ ಹೆಚ್ಚುವುದಿಲ್ಲ. ಇನ್ನು, ನಿಮ್ಮ ಆರು ಪುಟದ ಪತ್ರದಲ್ಲಿ ಮಾವನಿಗೆ ಸಿಕ್ಕಿದ್ದು ಒಂದೂವರೆ ಸಾಲು. 25 ವರ್ಷದ ಹಿಂದಿನ ಆ ದಿನ ತಾನು ಎಲ್ಲಿದ್ದೆ ಎಂದು ಆ ಮುದುಕ ಯಾವ ಸಾಕ್ಷಿ ತಂದಾರು?

ಮಾಡಬೇಕಾದ್ದು ಒಂದೇ: ಬರೆಯಿರಿ, ಬರೆದಾಗುವವರೆಗೆ ಪ್ರಮಾಣದ ಮಾತಿಗೆ ಒಪ್ಪಬೇಡಿ. ಆಲ್ಬಮ್ ನೋಡದೆ, ಯಾರನ್ನೂ ಕೇಳದೆ, ಒಬ್ಬರೇ ಕುಳಿತು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಆ ದಿನದ ಬಗ್ಗೆ ತಿಳಿದದ್ದನ್ನೆಲ್ಲ ಸಾಲಿಗೊಂದರಂತೆ ಬರೆಯಿರಿ. ಪ್ರತಿ ಸಾಲಿನ ಬಲಗಡೆ ಅದು ಎಲ್ಲಿಂದ ಬಂತು ಎಂದು ಗುರುತು ಹಾಕಿ: ಕಂಡದ್ದು, ಕೇಳಿದ್ದು, ಫೋಟೊದಲ್ಲಿದ್ದದ್ದು, ಗೊತ್ತಿಲ್ಲ. ದೀಪಾವಳಿಗೆ ಮೊದಲೇ ಗೊತ್ತಿತ್ತು ಎನ್ನಬಹುದಾದ ಸಾಲಿನ ಕೆಳಗೆ ಮಾತ್ರ ಗೆರೆ ಎಳೆಯಿರಿ. ‘ಗೊತ್ತಿಲ್ಲ’ ಎಂದಿರುವಲ್ಲಿ ಕಣ್ಣು ಮುಚ್ಚಿ ಊಹಿಸಲು ಹೋಗಬೇಡಿ, ಊಹಿಸಿದಷ್ಟೂ ಅದು ನಡೆದದ್ದೇ ಎನಿಸತೊಡಗುತ್ತದೆ. ಐಲೀನ್ ಓಬರ್ಸ್ಟ್ ಮತ್ತು ಜೊತೆಗಾರರ 2021ರ ಅಧ್ಯಯನದಲ್ಲಿ, ನೆನಪಿನ ಮೂಲ ಯಾವುದೆಂದು ಯೋಚಿಸಲು ಹೇಳಿ, ಪದೇ ಪದೇ ಕೇಳುವುದರಿಂದಲೂ ನೆನಪು ಹುಟ್ಟಬಹುದೆಂದು ತಿಳಿಸಿದ ಮೇಲೆ ಹುಸಿ ನೆನಪುಗಳು ಬಹುಮಟ್ಟಿಗೆ ಕಳಚಿಕೊಂಡವು, ನಿಜವಾದವು ಉಳಿದವು.

ಸರದ ಸಾಲಿನ ಕೆಳಗೆ ಗೆರೆ ಬೀಳದಿದ್ದರೆ ಸಂಕ್ರಮಣದಂದು ನೀವು ಹೇಳಬೇಕಾದದ್ದು ‘ನನಗೆ ಗೊತ್ತಿಲ್ಲ’ ಎಂದಷ್ಟೇ. ಗೆರೆ ಬಿದ್ದರೆ ಪ್ರಮಾಣಕ್ಕಿಂತ ಮೊದಲು ಪಾಲಿನಲ್ಲಿ ಹಕ್ಕಿಲ್ಲದ ಹಿರಿಯರೊಬ್ಬರಿಗೆ ನೋಟ್‌ಬುಕ್ ತೋರಿಸಿ. ನಿದ್ದೆ ಹೀಗೇ ಕೆಡುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ, ಆ ಪುಟವನ್ನು ಮೊಬೈಲಿನಲ್ಲಿ ತೆಗೆದು ಅಕ್ಕನಿಗೆ ಕಳಿಸಬೇಡಿ.