ಮಂಗಳದಲ್ಲಿ ಗಿಡ ನೆಟ್ರೆ ಗಾಳಿ ಬರಲ್ವಾ?

ಪ್ರಶ್ನೆ: ಸರ್, ಮಂಗಳ ಗ್ರಹದ ಗಾಳಿಲಿ 95 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡೇ ಇದೆಯಂತೆ, ಐಸೂ ಇದೆಯಂತೆ. ಗಿಡಕ್ಕೆ ಬೇಕಿರೋದು ಅದೇ ತಾನೆ? ಒಂದಷ್ಟು ಗಿಡ ಬೆಳೆಸಿಬಿಟ್ರೆ ನಿಧಾನಕ್ಕೆ ಆಕ್ಸಿಜನ್ ಆಗಲ್ವಾ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ತಿಪಟೂರು

ಉತ್ತರ: ಒಳ್ಳೆ ಪ್ರಶ್ನೆನೇ ಕೇಳಿದೀಯಮ್ಮ, ಆದ್ರೆ 95 ಪರ್ಸೆಂಟ್ ಅಂದ್ರೆ ಎಷ್ಟರಲ್ಲಿ 95 ಅಂತಾನೂ ನೋಡ್ಬೇಕಲ್ವಾ. ನಮ್ಮ ಸಮುದ್ರ ಮಟ್ಟದಲ್ಲಿ ಗಾಳಿ ಒತ್ತಡ 1013 ಮಿಲಿಬಾರ್, ಅಲ್ಲಿ ಸರಾಸರಿ 6 ಚಿಲ್ಲರೆ, ಅಷ್ಟೇ. ಒತ್ತಡ 63 ಮಿಲಿಬಾರಿಗಿಂತ ಕೆಳಗಿಳಿದ್ರೆ ನೀರು ನಮ್ಮ ಮೈಬಿಸಿಗೇ ಕುದಿಯುತ್ತೆ. 1960ರ ದಶಕದಲ್ಲಿ ನಾಸಾದ ವ್ಯಾಕ್ಯೂಮ್ ಚೇಂಬರಲ್ಲಿ (ಗಾಳಿ ಹೊರಗೆಳೆದ ಕೋಣೆ) ಸ್ಪೇಸ್ ಸೂಟ್ ಟೆಸ್ಟ್ ಮಾಡ್ತಿದ್ದ ಒಬ್ಬರ ಗಾಳಿ ಪೈಪ್ ಕಳಚಿಕೊಂಡು ಕೆಲವೇ ಸೆಕೆಂಡಲ್ಲಿ ಎಚ್ಚರ ತಪ್ಪಿತ್ತು, ಬದುಕಿಕೊಂಡ್ರು ಬಿಡು, ಆಮೇಲೆ ಅವ್ರು ಹೇಳಿದ್ದು ನಾಲಿಗೆ ಮೇಲಿನ ಎಂಜಲು ಗುಳುಗುಳು ಅನ್ನೋಕೆ ಶುರುವಾಗಿದ್ದೇ ಕೊನೇ ನೆನಪು ಅಂತ.

ಅಂಥಾ ಬಯಲಲ್ಲಿ ಗಿಡ ನಿಲ್ಲಲ್ಲ. ಸರಾಸರಿ ಚಳಿ ಮೈನಸ್ 60 ಡಿಗ್ರಿ ಹತ್ರ. ಮಣ್ಣಲ್ಲಿ ಪರ್ಕ್ಲೋರೇಟ್ ಅನ್ನೋ ಉಪ್ಪು ಬೇರೆ, 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದದ್ದು, ಥೈರಾಯ್ಡಿಗೆ ಕೆಟ್ಟದ್ದು. ತೊಳೆದ್ರೆ ಹೋಗುತ್ತೆ, ಆದ್ರೆ ತೊಳೆಯೋಕೆ ಮೊದ್ಲು ಐಸ್ ಅಗೆದು ಕರಗಿಸಬೇಕು.

ಸರಿ, ಗಾಳಿನೇ ದಪ್ಪ ಮಾಡೋಣ ಅಂದ್ರೆ? ಧ್ರುವದ ಐಸಲ್ಲಿ ಹೆಪ್ಪುಗಟ್ಟಿರೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಲಿ ಅಂತ ಅದರ ಮೇಲೆ ನ್ಯೂಕ್ಲಿಯರ್ ಬಾಂಬ್ ಹಾಕೋಣ ಅಂತ ಎಲಾನ್ ಮಸ್ಕ್ 2015ರಲ್ಲಿ ಟಿವಿ ಶೋಲಿ ಹೇಳಿದ್ರಲ್ಲ, ಅದನ್ನ ಈಗ್ಲೂ ಸೀರಿಯಸ್ಸಾಗಿ ಶೇರ್ ಮಾಡೋರಿದಾರೆ. 2018ರಲ್ಲಿ ಬ್ರೂಸ್ ಜಾಕೋಸ್ಕಿ, ಕ್ರಿಸ್ಟೋಫರ್ ಎಡ್ವರ್ಡ್ಸ್ ಅನ್ನೋ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದ್ರು: ಧ್ರುವದಲ್ಲಿರೋ ಕಾರ್ಬನ್ ಡೈಆಕ್ಸೈಡೆಲ್ಲ ಹೊರಗೆ ಬಂದ್ರೂ ಒತ್ತಡ ಡಬಲ್ ಆಗುತ್ತೆ ಅಷ್ಟೆ, ಆರು ಇದ್ದದ್ದು ಹನ್ನೆರಡು. ಉಳಿದದ್ದರಲ್ಲಿ ಹೆಚ್ಚಿನದು ಕೋಟ್ಯಂತರ ವರ್ಷದ ಹಿಂದೇನೆ ಆಕಾಶಕ್ಕೆ ಹೋಗಿದೆ, ಮಂಗಳಕ್ಕೆ ನಮ್ಮ ಭೂಮಿಗಿರೋ ಥರ ಆಯಸ್ಕಾಂತದ ರಕ್ಷಣೆ ಇಲ್ಲ, ಸೂರ್ಯನ ಗಾಳಿ (ಸೂರ್ಯನಿಂದ ಹರಿದು ಬರೋ ಕಣಗಳು) ಈಗ್ಲೂ ಸೆಕೆಂಡಿಗೆ ಸುಮಾರು 100 ಗ್ರಾಂ ಕಿತ್ಕೊಂಡು ಹೋಗ್ತಿದೆ. ಇದನ್ನ ಅಳೆದದ್ದು ನಾಸಾದ ಮಾವೆನ್ ನೌಕೆ, 2014ರ ಸೆಪ್ಟೆಂಬರಲ್ಲಿ ನಮ್ಮ ಮಂಗಳಯಾನಕ್ಕಿಂತ ಎರಡೇ ದಿನ ಮುಂಚೆ ಅಲ್ಲಿ ತಲುಪಿದ್ದು. ಹಾಗಂತ ಈ ಸೋರಿಕೆಗೆ ಹೆದರಬೇಕಿಲ್ಲ, ಅದು ತುಂಬಾ ನಿಧಾನ, ತೊಂದ್ರೆ ಇರೋದು ತುಂಬೋಕೆ ಸ್ಟಾಕೇ ಇಲ್ಲ ಅನ್ನೋದ್ರಲ್ಲಿ.

ಮಂಗಳದ ಗಾಳಿಯಿಂದ್ಲೇ ಮೆಷಿನ್ನಲ್ಲಿ ಆಕ್ಸಿಜನ್ ಮಾಡಿದ್ದಂತೂ ನಿಜ. ಅಲ್ಲಿ ಓಡಾಡೋ ನಾಸಾದ ಪರ್ಸಿವಿಯರೆನ್ಸ್ ರೋವರ್ ಮೇಲಿದ್ದ ಮಾಕ್ಸಿ ಅನ್ನೋ ಯಂತ್ರ 2021ರಿಂದ 2023ರವರೆಗೆ ಒಟ್ಟು 122 ಗ್ರಾಂ ತಯಾರಿಸ್ತು. ಒಬ್ಬ ಮನುಷ್ಯನಿಗೆ ದಿನಕ್ಕೆ 800 ಗ್ರಾಂ ಮೇಲೆ ಬೇಕು.

ಗಾಜಿನ ಮನೆ ಕಟ್ಟಿ ಒಳಗೆ ಗಿಡ ಬೆಳೆಸ್ತೀವಿ ಅಂತೀಯಾ? ಅದನ್ನ ಭೂಮಿ ಮೇಲೇ ಮಾಡಿ ನೋಡಿದಾರೆ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಅಂತ ಮೂರು ಎಕರೆ ಚಿಲ್ಲರೆ ಗಾಜಿನ ಕಟ್ಟಡ, ಒಳಗೆ ಪುಟ್ಟ ಮಳೆಕಾಡು, ಹೊಲ, ಸಮುದ್ರ ಎಲ್ಲ ಇತ್ತು, 1991ರ ಸೆಪ್ಟೆಂಬರಲ್ಲಿ ಎಂಟು ಜನ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಬಿಸಿಲಿತ್ತು, ನೀರಿತ್ತು, ಗಿಡಗಳಂತೂ ರಾಶಿ. ಆದ್ರೂ ಆಕ್ಸಿಜನ್ 21 ಪರ್ಸೆಂಟಿಂದ ಇಳೀತಾ ಇಳೀತಾ 14ರ ಹತ್ರ ಬಂತು, ಮೆಟ್ಟಿಲು ಹತ್ತಿದ್ರೆ ಏದುಸಿರು, ರಾತ್ರಿ ನಿದ್ದೆ ಇಲ್ಲ, ಕೊನೆಗೆ 1993ರ ಜನವರಿಲಿ ಹೊರಗಿಂದ ಆಕ್ಸಿಜನ್ ತುಂಬಿಸಬೇಕಾಯ್ತು. ಆಮೇಲೆ ಹುಡುಕಿದ್ರೆ ಏನು ಗೊತ್ತಾ, ಹೊಲಕ್ಕೆ ಹಾಕಿದ್ದ ಗೊಬ್ಬರದ ಮಣ್ಣಲ್ಲಿ ಬ್ಯಾಕ್ಟೀರಿಯಾಗಳು ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡ್ತಿದ್ವು, ಅದನ್ನ ಗಿಡಗಳು ವಾಪಸ್ ಆಕ್ಸಿಜನ್ ಮಾಡೋ ಮುಂಚೆನೇ ಕಟ್ಟಡದ ಕಾಂಕ್ರೀಟ್ ಹೀರಿಕೊಂಡು ಸುಣ್ಣಕಲ್ಲು ಮಾಡಿಬಿಡ್ತಿತ್ತು! ಇಲ್ಲಿ ಟ್ಯಾಂಕರ್ ಕರೆಸಿದ್ರು. ಮಂಗಳಕ್ಕೆ ಟ್ಯಾಂಕರ್ ಕರೆಸಿದ್ರೆ ಏಳೆಂಟು ತಿಂಗಳು ದಾರಿ, ಅದೂ ಹೊರಡೋಕೆ ಚಾನ್ಸ್ ಸಿಗೋದು 26 ತಿಂಗಳಿಗೊಂದ್ಸಲ.

ಪ್ರಶ್ನೆ: ಶುಕ್ರ ಇನ್ನೂ ಹತ್ರ ಇದೆ, ಗಾಳಿನೂ ದಪ್ಪ ಇದೆ. ಅಲ್ಲಿಗ್ಯಾಕೆ ಹೋಗ್ಬಾರ್ದು?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ದಪ್ಪ ಅಂದ್ರೆ ವಿಪರೀತ ದಪ್ಪ ಸರ್, ನೆಲದ ಮೇಲೆ ಒತ್ತಡ ನಮ್ಮ 90 ಪಟ್ಟು, ಬಿಸಿ 460 ಡಿಗ್ರಿ. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಎರಡು ಗಂಟೆ ಚಿಲ್ಲರೆ ಕೆಲಸ ಮಾಡಿದ್ದೇ ಹೆಚ್ಚು. ಆದ್ರೆ ಮೇಲೆ 50 ಕಿಲೋಮೀಟರ್ ಎತ್ತರದಲ್ಲಿ ಒತ್ತಡ ಹೆಚ್ಚುಕಮ್ಮಿ ನಮ್ಮಷ್ಟೇ, ಮೋಡ ಮಾತ್ರ ಸಲ್ಫ್ಯೂರಿಕ್ ಆಸಿಡ್. 1985ರಲ್ಲಿ ಸೋವಿಯತ್‌ನವರು ವೇಗಾ ನೌಕೆಗಳಿಂದ ಅಲ್ಲಿ ಎರಡು ಬಲೂನ್ ಬಿಟ್ಟಿದ್ರು, ಎರಡೂ ಸುಮಾರು ಎರಡು ದಿನ ತೇಲ್ತಾ ಸಿಗ್ನಲ್ ಕಳಿಸಿದ್ವು.